ಪಿನ್ನು ಕೂಡಿದರೆ ಸಾಲದು, ಮಾತೂ ಕೂಡಬೇಕು
ಹಳೆಯ ಕಂಪ್ಯೂಟರಿಗೆ ಹೊಸ ಕೀಬೋರ್ಡು, ಮೌಸುಗಳನ್ನು ಜೋಡಿಸುವ ಬಗೆ

(ವಿದುರಾಶ್ವತ್ಥದಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮುಂದೆ ಮಾಡಿದ ಭಾಷಣದ ಪಾಠ)



ಬಿತ್ತನೆಯ ಬೀಜ, ಗೊಬ್ಬರ, ಹಿಪ್ಪುನೇರಳೆ, ಹೈನುಗಾರಿಕೆ ಇಂಥ ವಿಷಯಗಳ ಮೇಲೆ ಮಾತು ಕೇಳುವುದು ನಿಮಗೆ ರೂಢಿಯಾಗಿದೆ. ಈ ದಿನ ಕಂಪ್ಯೂಟರಿನ ಕೀಬೋರ್ಡು ಮತ್ತು ಮೌಸಿನ ವಿಷಯವಾಗಿ ಮಾತನಾಡುತ್ತೇನೆಂದರೆ, ಇದಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಸಂಬಂಧ ಉಂಟು; ಅದು ದಿನದಿನಕ್ಕೆ ಹೆಚ್ಚುತ್ತಲೂ ಇದೆ.

ಹಿಂದೆ ಒಂದು ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಕೈಬರಹಕ್ಕಾಗಿ ಕಾಯಬೇಕಾಗಿತ್ತು. 2001ರ ಸುಮಾರಿನಲ್ಲಿ ಭೂಮಿ ಯೋಜನೆ ಬಂದು, ರಾಜ್ಯದ 177 ತಾಲ್ಲೂಕುಗಳ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿ ಶುಲ್ಕ ಕಟ್ಟಿದರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪ್ರತಿ ಕೈಗೆ ಬರುತ್ತಿತ್ತು. ಅದೇ ಕಾಲದಲ್ಲಿ ಮಾಹಿತಿ ಸಿಂಧು ಯೋಜನೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೂ ಕಂಪ್ಯೂಟರುಗಳು ಬಂದವು. ನಮ್ಮ ಗೌರಿಬಿದನೂರು ತಾಲ್ಲೂಕು ಆಗ ಇನ್ನೂ ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಇಂದು ಗ್ರಾಮ ಪಂಚಾಯಿತಿಯ ಲೆಕ್ಕ, ಹಾಲು ಉತ್ಪಾದಕರ ಸಹಕಾರ ಸಂಘದ ಬಟವಾಡೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ತೂಕ ಮತ್ತು ಹರಾಜು ಎಲ್ಲವೂ ಕಂಪ್ಯೂಟರಿನ ಮೂಲಕವೇ ನಡೆಯುತ್ತವೆ. ನೇಗಿಲು, ಪಂಪ್‌ಸೆಟ್ಟುಗಳ ಹಾಗೆ ಕಂಪ್ಯೂಟರೂ ನಮ್ಮ ಉಪಕರಣಗಳಲ್ಲಿ ಒಂದಾಗಿದೆ. ಉಪಕರಣವನ್ನು ಬಳಸುವವನಿಗೆ ಅದರ ಸಣ್ಣ ರಿಪೇರಿಯೂ ತಿಳಿದಿರಬೇಕು.

ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದು ಕೀಬೋರ್ಡು ಮತ್ತು ಮೌಸು. ದಿನವೆಲ್ಲ ಬೆರಳಿನ ಪೆಟ್ಟು ತಿನ್ನುವುವು ಅವೇ. ಧೂಳು ಕೂರುವುದು, ಕಾಫಿ ಚೆಲ್ಲುವುದು, ಇಲಿ ತಂತಿ ಕಡಿಯುವುದು ಎಲ್ಲವೂ ಅವಕ್ಕೇ. ಉಳಿದ ಯಂತ್ರ ಚೆನ್ನಾಗಿಯೇ ಇರುತ್ತದೆ.

ಈಗ ಒಂದು ಹಾಲಿನ ಸಂಘವನ್ನು ಊಹಿಸಿಕೊಳ್ಳಿರಿ. ಅಲ್ಲಿನ ಕಂಪ್ಯೂಟರು ಹದಿನೈದು ವರ್ಷದ್ದು. ಸದಸ್ಯರೆಲ್ಲರ ಹಾಲಿನ ಅಳತೆ, ಜಿಡ್ಡಿನ ಅಂಶ, ಕೊಡತಕ್ಕ ಹಣ ಎಲ್ಲವೂ ಅದರೊಳಗಿದೆ. ನಾಳೆ ಬಟವಾಡೆ ಎನ್ನುವಾಗ ಕೀಬೋರ್ಡು ಕೆಟ್ಟಿತು. ಕಾರ್ಯದರ್ಶಿಗಳು ಗೌರಿಬಿದನೂರಿಗೆ ಹೋಗಿ ಹೊಸದನ್ನು ತಂದರು. ತಂದ ಕೀಬೋರ್ಡಿನ ಪಿನ್ನು ಚಪ್ಪಟೆ, ಕಂಪ್ಯೂಟರಿನ ಹಿಂದಿರುವ ಕಿಂಡಿ ದುಂಡು. ಪಿನ್ನು ಕೂಡಲಿಲ್ಲ. ಮತ್ತೆ ಹೋಗಿ ನೇರಳೆ ಬಣ್ಣದ ಸಣ್ಣ ಅಡಾಪ್ಟರ್ ತಂದರು. ಪಿನ್ನು ಕೂಡಿತು, ಆದರೂ ಒಂದಕ್ಷರವೂ ಮೂಡಲಿಲ್ಲ. ಆಗ ಹತ್ತು ಮಂದಿ ಸೇರಿ ತೀರ್ಮಾನಿಸುವುದು ಏನು? "ಕಂಪ್ಯೂಟರೇ ಕೆಟ್ಟಿದೆ, ಮೂಲೆಗಿಡಿ, ಹೊಸದು ಕೊಳ್ಳಿ" ಎಂದು. ಕೆಟ್ಟಿರುವುದು ಕಂಪ್ಯೂಟರಲ್ಲ. ಆದರೆ ಸಂಘದ ಹಣ ಹತ್ತಾರು ಸಾವಿರ ವೆಚ್ಚವಾಗುತ್ತದೆ. ಹಳೆಯ ಲೆಕ್ಕ ಮೂಲೆಯಲ್ಲಿ ಉಳಿಯುತ್ತದೆ. ಬಡ ಸದಸ್ಯರ ಬಟವಾಡೆ ವಾರಗಟ್ಟಲೆ ತಡವಾಗುತ್ತದೆ. ಈ ನಷ್ಟವನ್ನು ತಪ್ಪಿಸಲು ಬೇಕಾದ ತಿಳಿವಳಿಕೆ ಬಹಳ ದೊಡ್ಡದಲ್ಲ. ಅದನ್ನೇ ಈಗ ವಿವರಿಸುತ್ತೇನೆ.

ಆಕಾರ ಒಂದು, ಮಾತು ಇನ್ನೊಂದು

ನಮ್ಮ ವಿದುರಾಶ್ವತ್ಥ ಗಡಿಯ ಊರು. ಉತ್ತರ ಪಿನಾಕಿನಿಯ ದಡದಲ್ಲಿ ನಾವಿದ್ದೇವೆ. ಇನ್ನಷ್ಟು ದೂರ ಹೋದರೆ ಆಂಧ್ರದ ಹಿಂದೂಪುರ. ನಮ್ಮಲ್ಲಿ ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವವರು ಎಷ್ಟೋ ಮಂದಿ. ಅಂಥವರು ಯಾವ ಬಾಗಿಲಿನೊಳಗೆ ಹೋದರೂ ವ್ಯವಹಾರ ನಡೆಸಿಕೊಂಡು ಬರುತ್ತಾರೆ. ಅವರಿಗೆ ಬಾಗಿಲು ತೆರೆದರೆ ಸಾಕು. ಒಂದೇ ಭಾಷೆ ಬಲ್ಲವರಿಗೆ ಬಾಗಿಲು ತೆರೆದರೆ ಸಾಲದು, ಜೊತೆಗೆ ಒಬ್ಬ ದುಭಾಷಿಯೂ ಬೇಕು.

ಕೀಬೋರ್ಡು, ಮೌಸುಗಳ ಸಂಗತಿಯೂ ಇಷ್ಟೇ. ಹಳೆಯ ದುಂಡು ಕಿಂಡಿಗೆ ಒಂದು ಭಾಷೆ. ಹೊಸ ಚಪ್ಪಟೆ ಕಿಂಡಿಗೆ ಇನ್ನೊಂದು ಭಾಷೆ. ಅಂಗಡಿಯಲ್ಲಿ ಸಿಗುವ ಜೋಡಣೆಯ ತುಂಡುಗಳಲ್ಲಿ ಎರಡು ಜಾತಿ. ಒಂದು, ಪಿನ್ನಿನ ಆಕಾರವನ್ನು ಮಾತ್ರ ಬದಲಿಸುವ ಬರಿಯ ಅಡಾಪ್ಟರ್. ಇದು ಬಾಗಿಲು ತೆರೆಯುತ್ತದೆ, ಅಷ್ಟೇ. ಇನ್ನೊಂದು, ಒಳಗೆ ಚಿಪ್ ಇರುವ ಕನ್ವರ್ಟರ್. ಇದು ಒಂದು ಕಡೆಯ ಮಾತನ್ನು ಕೇಳಿ ಇನ್ನೊಂದು ಕಡೆಗೆ ಹೇಳುವ ದುಭಾಷಿ. ಹೊರಗಿನಿಂದ ಎರಡೂ ಸುಮಾರಾಗಿ ಒಂದೇ ತರಹ ಕಾಣುತ್ತವೆ. ಮೇಲೆ ಹೇಳಿದ ಸಂಘದಲ್ಲಿ ನಡೆದದ್ದು ಇದೇ: ದುಭಾಷಿ ಬೇಕಾದ ಕಡೆ ಬರಿಯ ಬಾಗಿಲು ತಂದರು.

ಪೈಪಿನ ದೃಷ್ಟಾಂತವನ್ನೂ ನೋಡಿರಿ. ಎರಡೂವರೆ ಇಂಚಿನ ಪೈಪಿಗೆ ಎರಡು ಇಂಚಿನ ಪೈಪನ್ನು ರೆಡ್ಯೂಸರ್ ಹಾಕಿ ಜೋಡಿಸಿದರೆ ನೀರು ಹರಿಯುತ್ತದೆ. ಎರಡರಲ್ಲಿಯೂ ಹರಿಯುವುದು ನೀರೇ. ಆದರೆ ಸಿಂಗಲ್ ಫೇಸ್ ಲೈನಿಗೆ ತ್ರೀ ಫೇಸ್ ಮೋಟಾರಿನ ತಂತಿಯನ್ನು ಬರಿದೆ ಕಟ್ಟಿದರೆ ಮೋಟಾರು ಓಡುವುದೇ? ತಂತಿ ಕೂಡಿದೆ, ಕೆಲಸ ಕೂಡಿಲ್ಲ.

ಕಿಂಡಿಗಳ ಪರಿಚಯ

ಕಂಪ್ಯೂಟರಿನ ಹಿಂಬದಿಯನ್ನು ಒಮ್ಮೆ ಬೆಳಕಿಗೆ ತಿರುಗಿಸಿ ನೋಡಿರಿ. ಕೀಬೋರ್ಡು, ಮೌಸಿಗೆ ಸಂಬಂಧಪಟ್ಟ ಕಿಂಡಿಗಳು ಮುಖ್ಯವಾಗಿ ಐದು ವಿಧ.

1. ದೊಡ್ಡ ದುಂಡು ಕಿಂಡಿ. ಇದರಲ್ಲಿ 5 ತೂತುಗಳಿರುತ್ತವೆ, ಹೆಸರು ಡಿನ್. 1980ರ ದಶಕದಿಂದ 1990ರ ದಶಕದ ಕೊನೆಯವರೆಗಿನ ಕಂಪ್ಯೂಟರುಗಳಲ್ಲಿ ಕೀಬೋರ್ಡಿಗಾಗಿ ಇದು ಇರುತ್ತಿತ್ತು. ಈಗ ಅಪರೂಪ.

2. ಸಣ್ಣ ದುಂಡು ಕಿಂಡಿ. ಇದರಲ್ಲಿ 6 ತೂತುಗಳು, ಹೆಸರು ಪಿ.ಎಸ್. 2. ಐ.ಬಿ.ಎಂ. ಕಂಪನಿಯು 1987ರಲ್ಲಿ ಅದೇ ಹೆಸರಿನ ಕಂಪ್ಯೂಟರುಗಳೊಂದಿಗೆ ಇದನ್ನು ತಂದಿತು. ನೇರಳೆ ಬಣ್ಣದ್ದು ಕೀಬೋರ್ಡಿಗೆ, ಹಸಿರು ಬಣ್ಣದ್ದು ಮೌಸಿಗೆ. ನಮ್ಮ ಶಾಲೆ, ಸಂಘಗಳಲ್ಲಿ ಹಳೆಯದೆಂದು ಉಳಿದಿರುವ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕೆಲವು ಕಂಪ್ಯೂಟರುಗಳಲ್ಲಿ ಅರ್ಧ ನೇರಳೆ, ಅರ್ಧ ಹಸಿರು ಬಣ್ಣದ ಒಂದೇ ಕಿಂಡಿ ಇರುತ್ತದೆ. ಅದು ಎರಡರಲ್ಲಿ ಯಾವುದನ್ನಾದರೂ ಒಪ್ಪುತ್ತದೆ.

3. ಒಂಬತ್ತು ಮೊಳೆಗಳ ಕಿಂಡಿ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಇದಕ್ಕೆ ಸೀರಿಯಲ್ ಪೋರ್ಟ್ ಎಂದು ಹೆಸರು. ಬಹಳ ಹಿಂದಿನ ಮೌಸುಗಳನ್ನು ಇದಕ್ಕೆ ಜೋಡಿಸುತ್ತಿದ್ದರು. ಈಗ ಹಾಲಿನ ಪರೀಕ್ಷೆಯ ಯಂತ್ರ, ಎಲೆಕ್ಟ್ರಾನಿಕ್ ತಕ್ಕಡಿಗಳ ತಂತಿ ಇಲ್ಲಿಗೆ ಬರುವುದುಂಟು.

4. ಚಪ್ಪಟೆಯಾದ ಆಯಾಕಾರದ ಕಿಂಡಿ. ಇದೇ ಯು.ಎಸ್.ಬಿ. 1996ರಲ್ಲಿ ಇದರ ಮೊದಲ ನಿಯಮಾವಳಿ ಹೊರಬಂತು. ಪೆನ್ ಡ್ರೈವ್ ಹಾಕುವುದು ಇದಕ್ಕೇ. ಆದ್ದರಿಂದ ನಿಮಗೆ ಪರಿಚಯವಿದೆ.

5. ಎರಡು ಬದಿಯೂ ಗುಂಡಗಿರುವ ಸಣ್ಣ ಕಿಂಡಿ. ಇದು 2014ರಲ್ಲಿ ಬಂದ ಟೈಪ್-ಸಿ. ಈಗಿನ ಮೊಬೈಲ್ ಚಾರ್ಜರಿನ ತುದಿಯಲ್ಲಿ ಇದನ್ನು ಕಾಣುವಿರಿ.

ನೀಲಿ ಬಣ್ಣದ 15 ತೂತಿನ ಕಿಂಡಿ ಪರದೆಗೆ ಸಂಬಂಧಿಸಿದ್ದು. ಅದಕ್ಕೂ ಕೀಬೋರ್ಡಿಗೂ ಸಂಬಂಧವಿಲ್ಲ, ಕೈ ಹಾಕಬೇಡಿರಿ.

ಒಳಗೆ ನಡೆಯುವುದು ಏನು?

ಸಣ್ಣ ದುಂಡು ಪಿನ್ನಿನಲ್ಲಿ 6 ಕಡ್ಡಿಗಳಿದ್ದರೂ ಕೆಲಸ ಮಾಡುವುವು 4 ಮಾತ್ರ. ಒಂದು 5 ವೋಲ್ಟಿನ ವಿದ್ಯುತ್ತನ್ನು ತರುತ್ತದೆ. ಇನ್ನೊಂದು ಅದರ ಮರುದಾರಿ. ಮೂರನೆಯದು ತಾಳ ಹಾಕುವ ತಂತಿ. ನಾಲ್ಕನೆಯದು ಸುದ್ದಿ ಒಯ್ಯುವ ತಂತಿ. ಯು.ಎಸ್.ಬಿ. ಕೀಬೋರ್ಡಿನಲ್ಲಿಯೂ 4 ತಂತಿಗಳೇ. ಅಲ್ಲಿಯೂ ವಿದ್ಯುತ್ತು 5 ವೋಲ್ಟೇ. ಉಳಿದ ಎರಡು ತಂತಿಗಳು ಜೋಡಿಯಾಗಿ ಸುದ್ದಿಯನ್ನು ಒಯ್ಯುತ್ತವೆ. ತಂತಿಗಳ ಸಂಖ್ಯೆಯೂ ವಿದ್ಯುತ್ತಿನ ಮಟ್ಟವೂ ಸಮನಾಗಿರುವುದರಿಂದಲೇ ಎರಡರ ನಡುವೆ ಬರಿಯ ಅಡಾಪ್ಟರ್ ಮಾಡಲು ಸಾಧ್ಯವಾಯಿತು.

ಆದರೆ ಮಾತಿನ ಕ್ರಮ ಬೇರೆ. ದುಂಡು ಪಿನ್ನಿನ ಪದ್ಧತಿಯಲ್ಲಿ ನೀವು ಕೀಲಿ ಒತ್ತಿದೊಡನೆ ಕೀಬೋರ್ಡೇ ಕಂಪ್ಯೂಟರನ್ನು ಕೂಗಿ, "ಇಂಥ ಕೀಲಿ ಒತ್ತಿದರು" ಎಂದು ಹೇಳುತ್ತದೆ. ಯು.ಎಸ್.ಬಿ. ಪದ್ಧತಿಯಲ್ಲಿ ಕೀಬೋರ್ಡು ತಾನಾಗಿ ಕೂಗುವಂತಿಲ್ಲ. ಕಂಪ್ಯೂಟರೇ ಸೆಕೆಂಡಿಗೆ ಸುಮಾರು ನೂರು ಬಾರಿ "ಏನಾದರೂ ಸುದ್ದಿ ಇದೆಯೇ?" ಎಂದು ವಿಚಾರಿಸುತ್ತದೆ, ಆಗ ಕೀಬೋರ್ಡು ಉತ್ತರ ಕೊಡುತ್ತದೆ. ಒಂದು, ಬೀದಿಯಲ್ಲಿ ಕೂಗಿಕೊಂಡು ಬರುವ ಸೊಪ್ಪಿನವಳ ಕ್ರಮ. ಇನ್ನೊಂದು, ಮನೆಮನೆಗೆ ಬಂದು ಕೇಳುವ ಜನಗಣತಿಯವರ ಕ್ರಮ. ಕೇಳಿದರೆ ಮಾತ್ರ ಹೇಳುವ ಕೀಬೋರ್ಡನ್ನು, ಕೂಗಿದರೆ ಮಾತ್ರ ಕೇಳುವ ಕಿಂಡಿಗೆ ಜೋಡಿಸಿದರೆ ಎರಡೂ ಸುಮ್ಮನೆ ಕುಳಿತಿರುತ್ತವೆ.

ಯು.ಎಸ್.ಬಿ. ಹೊಸದಾಗಿ ಬಂದ ಕಾಲದಲ್ಲಿ ತಯಾರಕರು ಎರಡು ಭಾಷೆಗಳನ್ನೂ ಕಲಿಸಿದ ಮೌಸು, ಕೀಬೋರ್ಡುಗಳನ್ನು ಮಾಡಿದರು. ವಿದ್ಯುತ್ತು ಸಿಕ್ಕಿದೊಡನೆ ತಾನು ಯಾವ ಕಿಂಡಿಯಲ್ಲಿದ್ದೇನೆಂದು ಅವು ತಿಳಿದುಕೊಂಡು ಅದೇ ಭಾಷೆಯಲ್ಲಿ ಮಾತನಾಡುತ್ತಿದ್ದವು. ಅಂಥ ಮೌಸಿನ ಪೆಟ್ಟಿಗೆಯೊಳಗೆ ಹಸಿರು ಬಣ್ಣದ ಅಡಾಪ್ಟರನ್ನೂ ಇಟ್ಟು ಕೊಡುತ್ತಿದ್ದರು. ಆ ಮೌಸಿಗೆ ಆ ಅಡಾಪ್ಟರ್ ಸರಿಯಾಗಿ ಒಪ್ಪುತ್ತದೆ. ಈಗ ಬರುವ ಅಗ್ಗದ ಮೌಸು, ಕೀಬೋರ್ಡುಗಳಲ್ಲಿ ಹೆಚ್ಚಿನವು ಯು.ಎಸ್.ಬಿ. ಭಾಷೆಯೊಂದನ್ನೇ ಬಲ್ಲವು. ಹಳೆಯ ಮೌಸಿನ ಅಡಾಪ್ಟರನ್ನು ತೆಗೆದು ಹೊಸ ಮೌಸಿಗೆ ಹಾಕಿದರೆ ನಡೆಯದಿರುವುದು ಈ ಕಾರಣದಿಂದಲೇ.

ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಅಡಾಪ್ಟರ್ ಹಾಕಿದಾಗ ಮೌಸಿನ ಅಡಿಯ ಕೆಂಪು ದೀಪ ಉರಿಯಬಹುದು. ದೀಪ ಉರಿಯಿತೆಂದು ಮೌಸು ಕೆಲಸ ಮಾಡಬೇಕೆಂದಿಲ್ಲ. ವಿದ್ಯುತ್ತು ತಲುಪಿದೆ, ಮಾತು ತಲುಪಿಲ್ಲ ಎಂದಷ್ಟೇ ಅದರ ಅರ್ಥ.

ಯಾವುದಕ್ಕೆ ಯಾವುದು?

ಈಗ ನಮ್ಮ ಹಳ್ಳಿಗಳಲ್ಲಿ ಬರತಕ್ಕ ಸಂದರ್ಭಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಕಂಪ್ಯೂಟರಿನಲ್ಲಿ ದುಂಡು ಕಿಂಡಿಯ ಜೊತೆಗೆ ಚಪ್ಪಟೆ ಕಿಂಡಿಯೂ ಇದೆ. 2000ದ ನಂತರದ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ. ಹಾಗಿದ್ದರೆ ಅಡಾಪ್ಟರಿನ ಅಗತ್ಯವೇ ಇಲ್ಲ. ಹೊಸ ಕೀಬೋರ್ಡನ್ನು ನೇರವಾಗಿ ಚಪ್ಪಟೆ ಕಿಂಡಿಗೆ ಹಾಕಿರಿ. ಹಳೆಯದು ದುಂಡು ಕಿಂಡಿಯಲ್ಲಿತ್ತೆಂದು ಹೊಸದೂ ಅಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಅನೇಕರು ಈ ಸಣ್ಣ ಸಂಗತಿಯನ್ನು ಗಮನಿಸದೆ ಪೇಟೆಗೆ ಓಡುತ್ತಾರೆ.

ಎರಡನೆಯದು: ದುಂಡು ಕಿಂಡಿ ಮಾತ್ರ ಇದೆ, ಅಥವಾ ಚಪ್ಪಟೆ ಕಿಂಡಿಗಳು ಕೆಟ್ಟಿವೆ, ಕೈಯಲ್ಲಿರುವುದು ಚಪ್ಪಟೆ ಪಿನ್ನಿನ ಕೀಬೋರ್ಡು. ಆ ಕೀಬೋರ್ಡು ಎರಡು ಭಾಷೆ ಬಲ್ಲದ್ದಾದರೆ ಬರಿಯ ಅಡಾಪ್ಟರ್ ಸಾಕು. ಅದರ ಪೆಟ್ಟಿಗೆಯ ಮೇಲೆ ಯು.ಎಸ್.ಬಿ. ಮತ್ತು ಪಿ.ಎಸ್. 2 ಎಂಬ ಎರಡು ಹೆಸರೂ ಇರುತ್ತವೆ. ಒಂದೇ ಭಾಷೆಯದಾದರೆ ಚಿಪ್ ಇರುವ ಕನ್ವರ್ಟರ್ ಬೇಕು. ಈ ದಿಕ್ಕಿನ ಕನ್ವರ್ಟರ್ ಅಂಗಡಿಗಳಲ್ಲಿ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಆದ್ದರಿಂದ ದುಂಡು ಪಿನ್ನಿನ ಕೀಬೋರ್ಡನ್ನೇ ಕೇಳಿ ಪಡೆಯುವುದು ಮೇಲು. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ರಿಪೇರಿ ಮಾಡುವವರಲ್ಲಿ ಅವು ಸಿಗುವುದುಂಟು.

ಮೂರನೆಯದು: ಇದಕ್ಕೆ ವಿರುದ್ಧ ಸಂದರ್ಭ. ಕಂಪ್ಯೂಟರು ಹೊಸದು, ದುಂಡು ಕಿಂಡಿಯೇ ಇಲ್ಲ. ಕೈಯಲ್ಲಿ ದುಂಡು ಪಿನ್ನಿನ ಗಟ್ಟಿಮುಟ್ಟಾದ ಹಳೆಯ ಕೀಬೋರ್ಡಿದೆ. ಇಲ್ಲಿ ಚಿಪ್ ಇರುವ ಕನ್ವರ್ಟರ್ ಹಾಕಬೇಕು. ಒಂದು ಕಡೆ ಚಪ್ಪಟೆ ಪಿನ್ನು, ಇನ್ನೊಂದು ಕಡೆ ನೇರಳೆ, ಹಸಿರು ಬಣ್ಣದ ಎರಡು ಬಾಲಗಳಿರುವ ತುಂಡು ಇದೇ. ಆದರೆ ಖರ್ಚನ್ನು ತೂಗಿ ನೋಡಿರಿ. ಸಾಮಾನ್ಯ ಯು.ಎಸ್.ಬಿ. ಕೀಬೋರ್ಡಿನ ಬೆಲೆ ಈ ಕನ್ವರ್ಟರಿನ ಬೆಲೆಗೆ ಸಮೀಪವಿದ್ದರೆ ಹೊಸ ಕೀಬೋರ್ಡು ಕೊಳ್ಳುವುದೇ ಜಾಣತನ.

ನಾಲ್ಕನೆಯದು: ದೊಡ್ಡ ದುಂಡು ಕಿಂಡಿಗೆ ಸಣ್ಣ ದುಂಡು ಪಿನ್ನಿನ ಕೀಬೋರ್ಡು. ಇಲ್ಲಿ ಆಕಾರ ಮಾತ್ರ ಬೇರೆ, ಭಾಷೆ ಒಂದೇ. ಬರಿಯ ಅಡಾಪ್ಟರ್ ಸಾಕು, ನಿಶ್ಚಿಂತೆಯಿಂದ ಹಾಕಬಹುದು.

ಐದನೆಯದು: ಟೈಪ್-ಸಿ ಪಿನ್ನಿನ ಕೀಬೋರ್ಡನ್ನು ಹಳೆಯ ಚಪ್ಪಟೆ ಯು.ಎಸ್.ಬಿ. ಕಿಂಡಿಗೆ ಹಾಕುವುದು. ಇಲ್ಲಿಯೂ ಭಾಷೆ ಒಂದೇ. ಬೆರಳಿನ ಗಾತ್ರದ ಅಡಾಪ್ಟರ್ ಸಾಕು.

ಆರನೆಯದು: ತಂತಿಯಿಲ್ಲದ ಮೌಸು. ಇದರ ಜೊತೆಗೆ ಬರುವ ಉಗುರಿನಷ್ಟು ಚಿಕ್ಕ ಗ್ರಾಹಕವನ್ನು ಯು.ಎಸ್.ಬಿ. ಕಿಂಡಿಗೆ ಹಾಕಬೇಕು. ಹಸಿರು ಅಡಾಪ್ಟರ್ ಮೂಲಕ ದುಂಡು ಕಿಂಡಿಗೆ ಹಾಕಿದರೆ ಈಗಿನ ಹೆಚ್ಚಿನವು ಕೆಲಸ ಮಾಡವು. ಹಳೆಯ ಕಂಪ್ಯೂಟರಿಗೆ ತಂತಿಯಿರುವುದನ್ನೇ ಆರಿಸಿರಿ.

ಏಳನೆಯದು: ಹಾಲಿನ ಪರೀಕ್ಷೆಯ ಯಂತ್ರದ ಒಂಬತ್ತು ಮೊಳೆಯ ತಂತಿಯನ್ನು ಹೊಸ ಕಂಪ್ಯೂಟರಿಗೆ ಜೋಡಿಸುವುದು. ಕೀಬೋರ್ಡಿನ ವಿಷಯವಲ್ಲದಿದ್ದರೂ ಸಂಘಗಳಲ್ಲಿ ಈ ಪ್ರಶ್ನೆ ಬರುತ್ತದೆ. ಆ ಕಿಂಡಿಯ ವಿದ್ಯುತ್ತಿನ ಮಟ್ಟವೂ ಬೇರೆ, ಭಾಷೆಯೂ ಬೇರೆ. ಯು.ಎಸ್.ಬಿ.-ಸೀರಿಯಲ್ ಕನ್ವರ್ಟರ್ ಎಂದೇ ಕೇಳಿ ತರಬೇಕು. ಅದರ ಜೊತೆಗೆ ಡ್ರೈವರ್ ಎಂಬ ತಂತ್ರಾಂಶವನ್ನೂ ಕಂಪ್ಯೂಟರಿಗೆ ಹಾಕಬೇಕಾಗಬಹುದು. ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿರಿ.

ಜೋಡಿಸುವ ಕ್ರಮ

ದುಂಡು ಪಿನ್ನಿನ ಕೀಬೋರ್ಡು, ಮೌಸುಗಳನ್ನು ಕಂಪ್ಯೂಟರು ಓಡುತ್ತಿರುವಾಗ ತೆಗೆಯಲೂ ಬಾರದು, ಹಾಕಲೂ ಬಾರದು. ಯು.ಎಸ್.ಬಿ.ಯನ್ನು ಓಡುತ್ತಿರುವಾಗಲೂ ಹಾಕಿ ತೆಗೆಯುವಂತೆ ರಚಿಸಿದ್ದಾರೆ. ದುಂಡು ಕಿಂಡಿಯನ್ನು ಹಾಗೆ ರಚಿಸಿಲ್ಲ. ಓಡುತ್ತಿರುವಾಗ ಹಾಕಿದರೆ ಒಳಗಿನ ಬೋರ್ಡಿನ ಸಣ್ಣ ಫ್ಯೂಸು ಹೋಗುವ ಅಪಾಯವುಂಟು. ಫ್ಯೂಸು ಹೋದರೆ ಆಮೇಲೆ ಎಂಥ ಒಳ್ಳೆಯ ಕೀಬೋರ್ಡು ಹಾಕಿದರೂ ದೀಪವೇ ಬರುವುದಿಲ್ಲ. ಆದುದರಿಂದ ಈ ಕ್ರಮವನ್ನು ತಪ್ಪದೆ ಪಾಲಿಸಿರಿ.

ಮೊದಲು ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿರಿ. ಗೋಡೆಯ ಸ್ವಿಚ್ಚನ್ನೂ ಆರಿಸಿರಿ. ಅಡಾಪ್ಟರನ್ನು ಮೊದಲು ಕೀಬೋರ್ಡಿಗೆ ಜೋಡಿಸಿ, ಆಮೇಲೆ ಕಂಪ್ಯೂಟರಿಗೆ ಜೋಡಿಸಿರಿ. ದುಂಡು ಪಿನ್ನಿನೊಳಗೆ ಕಡ್ಡಿಗಳ ನಡುವೆ ಒಂದು ಪ್ಲಾಸ್ಟಿಕ್ ಗೂಟವಿದೆ. ಅದು ಕಿಂಡಿಯಲ್ಲಿರುವ ತೂತಿಗೆ ಎದುರಾಗುವಂತೆ ಹಿಡಿದು ನೇರವಾಗಿ ಮೆಲ್ಲಗೆ ಒತ್ತಿರಿ. ಒಳಗೆ ಹೋಗದಿದ್ದರೆ ಬಲ ಹಾಕಬೇಡಿರಿ, ತಿರುವಿ ತುರುಕಬೇಡಿರಿ. ಕೂದಲೆಳೆಯಂಥ ಕಡ್ಡಿಗಳು ಬಾಗುತ್ತವೆ. ನೇರಳೆಯನ್ನು ನೇರಳೆಗೆ, ಹಸಿರನ್ನು ಹಸಿರಿಗೆ ಹಾಕಿರಿ. ಅದಲು ಬದಲಾದರೆ ಸಾಮಾನ್ಯವಾಗಿ ಎರಡೂ ಕೆಲಸ ಮಾಡುವುದಿಲ್ಲ. ಕೊನೆಗೆ ಕಂಪ್ಯೂಟರನ್ನು ಹಚ್ಚಿರಿ. ದುಂಡು ಕಿಂಡಿಯಲ್ಲಿ ಏನು ಇದೆಯೆಂದು ಕಂಪ್ಯೂಟರು ಏಳುವಾಗಲೇ ವಿಚಾರಿಸಿಕೊಳ್ಳುತ್ತದೆ.

ಕೆಲಸ ಮಾಡದಿದ್ದರೆ ಹೀಗೆ ಪರೀಕ್ಷಿಸಿರಿ. ಆ ಕೀಬೋರ್ಡನ್ನೇ ಬೇರೊಂದು ಕಂಪ್ಯೂಟರಿನ ಚಪ್ಪಟೆ ಕಿಂಡಿಗೆ ನೇರವಾಗಿ ಹಾಕಿರಿ. ಅಲ್ಲಿ ನಡೆದರೆ ಕೀಬೋರ್ಡು ಸರಿಯಾಗಿದೆ. ಹಾಗೆಯೇ ದುಂಡು ಪಿನ್ನಿನ ಬೇರೆ ಕೀಬೋರ್ಡನ್ನು ಎಲ್ಲಿಂದಲಾದರೂ ಎರವಲು ತಂದು ನಿಮ್ಮ ಕಂಪ್ಯೂಟರಿಗೆ ಹಾಕಿರಿ. ಅದು ನಡೆದರೆ ಕಿಂಡಿಯೂ ಸರಿಯಾಗಿದೆ. ಎರಡೂ ಸರಿಯಿದ್ದ ಮೇಲೆ ಕೊರತೆ ನಡುವಿನ ದುಭಾಷಿಯದೇ. ಈ ಎರಡು ಪರೀಕ್ಷೆ ಮಾಡದೆ ಯಾರೂ "ಕಂಪ್ಯೂಟರು ಕೆಟ್ಟಿದೆ" ಎಂದು ತೀರ್ಮಾನಿಸಬಾರದು.

ಇನ್ನೊಂದು ತೊಡಕೂ ಉಂಟು. ಯು.ಎಸ್.ಬಿ. ಕೀಬೋರ್ಡು ಕಂಪ್ಯೂಟರು ಪೂರ್ತಿ ಎದ್ದ ಮೇಲೆ ಕೆಲಸ ಮಾಡುತ್ತದೆ, ಏಳುವಾಗ ಮಾತ್ರ ಮಾಡುವುದಿಲ್ಲ. ಆಗ ಕಂಪ್ಯೂಟರಿನ ಆರಂಭದ ಸೆಟಪ್‌ನಲ್ಲಿ ಯು.ಎಸ್.ಬಿ. ಕೀಬೋರ್ಡ್ ಸಪೋರ್ಟ್ ಅಥವಾ ಲೆಗಸಿ ಸಪೋರ್ಟ್ ಎಂಬ ಆಯ್ಕೆಯನ್ನು ತೆರೆಯಬೇಕು. ಆ ಸೆಟಪ್‌ಗೆ ಹೋಗಲು ದುಂಡು ಪಿನ್ನಿನ ಕೀಬೋರ್ಡು ಬೇಕಾಗಬಹುದು. ಆದ್ದರಿಂದ ಪ್ರತಿ ಸಂಘದಲ್ಲಿಯೂ ಅಂಥದೊಂದನ್ನು ಚೀಲದಲ್ಲಿ ಕಟ್ಟಿಡುವುದು ಒಳ್ಳೆಯದು.

ಕೊಳ್ಳುವ ಮೊದಲು

ಪೇಟೆಗೆ ಹೋಗುವ ಮೊದಲು ಕಂಪ್ಯೂಟರಿನ ಹಿಂಬದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿರಿ. ಸಾಧ್ಯವಾದರೆ ಕೀಬೋರ್ಡನ್ನೂ ಜೊತೆಗೆ ಒಯ್ಯಿರಿ. ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿರಿ. ಒಂದು: ಇದು ಬರಿಯ ಅಡಾಪ್ಟರೋ, ಒಳಗೆ ಚಿಪ್ ಇರುವ ಕನ್ವರ್ಟರೋ? ಎರಡು: ಇದು ಯಾವ ದಿಕ್ಕಿನದು, ಹೊಸ ಕೀಬೋರ್ಡನ್ನು ಹಳೆಯ ಕಿಂಡಿಗೆ ಹಾಕುವುದೋ, ಹಳೆಯ ಕೀಬೋರ್ಡನ್ನು ಹೊಸ ಕಿಂಡಿಗೆ ಹಾಕುವುದೋ? ಮೂರು: ನಡೆಯದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವಿರಾ? ಕನ್ವರ್ಟರಿನಲ್ಲಿ ದಿಕ್ಕು ಬಹಳ ಮುಖ್ಯ. ಒಂದು ದಿಕ್ಕಿನ ದುಭಾಷಿ ಇನ್ನೊಂದು ದಿಕ್ಕಿಗೆ ಆಗುವುದಿಲ್ಲ.

ತಂದ ಮೇಲೆ ಅಡಾಪ್ಟರನ್ನು ಅದರ ಮೌಸಿನ ತಂತಿಗೇ ದಾರದಿಂದ ಕಟ್ಟಿಡಿರಿ. ಸಂಘದ ದಾಸ್ತಾನು ಪುಸ್ತಕದಲ್ಲಿಯೂ ಬರೆಯಿರಿ. ಯಾವ ಅಡಾಪ್ಟರ್ ಯಾವ ಮೌಸಿನದೆಂಬುದು ಕಾರ್ಯದರ್ಶಿ ಬದಲಾದರೂ ತಿಳಿದಿರಬೇಕು.

"ಕನ್ನಡ ಬೆರಳಚ್ಚಿಗೆ ಕನ್ನಡ ಕೀಬೋರ್ಡೇ ಬೇಕಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಬೇಕಿಲ್ಲ. ಕೀಬೋರ್ಡು ಕಳುಹಿಸುವುದು ಒತ್ತಿದ ಕೀಲಿಯ ಸಂಖ್ಯೆಯನ್ನು ಮಾತ್ರ; ಅದನ್ನು ಕನ್ನಡದ ಅಕ್ಷರವಾಗಿ ಮಾಡುವುದು ಕಂಪ್ಯೂಟರಿನೊಳಗಿನ ತಂತ್ರಾಂಶ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಗಳ ವಿನ್ಯಾಸವಿದೆ. ಅದಕ್ಕೆ ಇಂಗ್ಲಿಷ್ ಅಕ್ಷರಗಳ ಸಾಮಾನ್ಯ ಕೀಬೋರ್ಡೇ ಸಾಕು. ದುಂಡು ಪಿನ್ನಿನದಾಗಲಿ, ಚಪ್ಪಟೆ ಪಿನ್ನಿನದಾಗಲಿ, ನಡುವೆ ಕನ್ವರ್ಟರ್ ಇರಲಿ, ಕನ್ನಡಕ್ಕೆ ಯಾವ ಕುಂದೂ ಬರುವುದಿಲ್ಲ.

ಹಳೆಯದನ್ನು ಎಷ್ಟು ಕಾಲ ಉಳಿಸಬೇಕು?

ಹಳೆಯದೆಲ್ಲವನ್ನೂ ಕೊನೆಯವರೆಗೆ ಹಿಡಿದುಕೊಂಡಿರಬೇಕೆಂದು ನಾನು ಹೇಳುವುದಿಲ್ಲ. ಮುದಿ ಎತ್ತಿಗೂ ಒಂದು ಮಿತಿಯಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿಯೂ ಕಂಪನಿಯ ಸಾಮಾನ್ಯ ರಕ್ಷಣೆ ಮುಗಿಯಿತು. ರಕ್ಷಣೆ ಮುಗಿದ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು, ಅದನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಕ್ಷೇಮವಲ್ಲ. ಮಕ್ಕಳ ಬೆರಳಚ್ಚು ಅಭ್ಯಾಸ, ಸಂಘದ ಒಳಗಿನ ಲೆಕ್ಕ, ಹಳೆಯ ದಾಖಲೆ ನೋಡುವುದು ಇಂಥ ಕೆಲಸಗಳಿಗೆ ಅದು ಇನ್ನೂ ಬಾಳುತ್ತದೆ.

ಅಡಾಪ್ಟರ್ ಹಾಕಿ ಕಂಪ್ಯೂಟರು ಎದ್ದು ನಿಂತ ದಿನ ಮಾಡಬೇಕಾದ ಮೊದಲ ಕೆಲಸವೊಂದಿದೆ. ಅದರೊಳಗಿನ ಲೆಕ್ಕವನ್ನೆಲ್ಲ ಪೆನ್ ಡ್ರೈವಿಗೆ ಪ್ರತಿ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿಯೂ ಇಡಿರಿ. ಇದು ಮರೆಯಬಾರದ ಮಾತು. ಕೀಬೋರ್ಡು ಹೋದರೆ ಮತ್ತೊಂದು ಬರಬಹುದು. ಸದಸ್ಯರ ಹಾಲಿನ ಲೆಕ್ಕ ಹೋದರೆ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಒಬ್ಬ ಬಡ ವಿಧವೆ ಒಂದು ಹಸುವನ್ನು ಕಟ್ಟಿ ಸಂಘಕ್ಕೆ ಹಾಲು ಹಾಕಿರುತ್ತಾಳೆ. ಆಕೆಗೆ ಬರಬೇಕಾದ ಹಣಕ್ಕೆ ಆ ಲೆಕ್ಕವೇ ಸಾಕ್ಷಿ. ಒಂದು ಸಣ್ಣ ಪಿನ್ನಿನ ಕಾರಣದಿಂದ ಆ ಸಾಕ್ಷಿ ಮೂಲೆಯಲ್ಲಿ ಧೂಳು ತಿನ್ನಬಾರದು.

ನಿಜವಾಗಿ ಆಯುಷ್ಯ ಮುಗಿದ ಕಂಪ್ಯೂಟರನ್ನು ತಿಪ್ಪೆಗೆ ಎಸೆಯಬೇಡಿರಿ, ತಂತಿಯ ತಾಮ್ರಕ್ಕಾಗಿ ಸುಡಬೇಡಿರಿ. ಅದರೊಳಗೆ ಸೀಸದಂಥ ವಿಷವಸ್ತುಗಳಿವೆ. ಅದರ ಹೊಗೆಯೂ ಬೂದಿಯೂ ಮಣ್ಣಿಗೂ ಮಕ್ಕಳಿಗೂ ಕೆಡುಕು. ಇ-ತ್ಯಾಜ್ಯ ಪಡೆಯಲು ನೋಂದಾಯಿಸಿಕೊಂಡವರಿಗೇ ಅದನ್ನು ಒಪ್ಪಿಸಿರಿ. ಒಪ್ಪಿಸುವ ಮೊದಲು ಕೆಲಸ ಮಾಡುವ ದುಂಡು ಪಿನ್ನಿನ ಕೀಬೋರ್ಡು, ಮೌಸುಗಳಿದ್ದರೆ ತೆಗೆದಿಟ್ಟುಕೊಳ್ಳಿರಿ. ನೆರೆಯೂರಿನ ಶಾಲೆಗೆ ಅವು ಬೇಕಾಗಿರಬಹುದು.

ಬಾಂಧವರೇ, ನಿಮ್ಮ ಮಕ್ಕಳಲ್ಲಿ ಐ.ಟಿ.ಐ., ಡಿಪ್ಲೊಮಾ ಓದಿದವರು ಈಗ ಹಳ್ಳಿಹಳ್ಳಿಯಲ್ಲಿದ್ದಾರೆ. ಅವರಲ್ಲಿ ಒಬ್ಬರನ್ನು ಸಂಘಕ್ಕೋ ಶಾಲೆಗೋ ಕರೆದು, ಅಲ್ಲಿ ಮೂಲೆಗಿಟ್ಟ ಕಂಪ್ಯೂಟರುಗಳ ಹಿಂಬದಿಯನ್ನು ಒಮ್ಮೆ ನೋಡಿಸಿರಿ. ಮೇಲೆ ಹೇಳಿದ ಎರಡು ಪರೀಕ್ಷೆಗಳನ್ನು ಮಾಡಿಸಿರಿ. ಕೆಟ್ಟವೆಂದು ಬಿಟ್ಟವುಗಳಲ್ಲಿ ಒಂದೆರಡಾದರೂ ಎದ್ದು ನಿಂತರೆ, ಊರಿನ ಅಷ್ಟು ಹಣ ಉಳಿದಂತೆ. ಮುಂದಿನ ಸಂಘದ ಸಭೆಯಲ್ಲಿಯೇ ಇದನ್ನು ಪ್ರಸ್ತಾಪಿಸಿರಿ.